ಮಗುವಿಗೆ ಓದು ಕಲಿಸುವುದು ಹೇಗೆ? ‘ಗದಗ’ ಬೋರ್ಡಿನಿಂದ ಶುರು ಮಾಡಿ

ಜೂನ್ ಬಂತೆಂದರೆ ಬಾಗಲಕೋಟೆ ಪೇಟೆಯಲ್ಲಿ ಅಂಕಲಿಪಿ, ಪಾಟಿ, ಬಳಪದ ವ್ಯಾಪಾರ ಜೋರು. ಮನೆಗೆ ತಂದ ದಿನವೇ ಪಾಠ ಶುರುವಾಗುತ್ತದೆ. ಅ ಅಗಸ, ಆ ಆನೆ. ಮಳೆಗಾಲ ಮುಗಿಯುವಷ್ಟರಲ್ಲಿ ಮಗು ‘ಅ’ದಿಂದ ‘ಳ’ದವರೆಗೆ ಒಂದೇ ಉಸಿರಿಗೆ ಹೇಳುತ್ತದೆ. ಬಂದ ಬೀಗರ ಮುಂದೆ ಹೇಳಿಸಿ ಶಭಾಷ್ ಅನ್ನಿಸಿಕೊಂಡದ್ದೂ ಆಗುತ್ತದೆ.

ಆಗ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಅಂಕಲಿಪಿಯ ಚಿತ್ರವನ್ನು ಅಂಗೈಯಿಂದ ಮುಚ್ಚಿ. ನಡುವಿನ ಯಾವುದೋ ಒಂದು ಅಕ್ಷರ, ‘ದ’ ಅಂತಿಟ್ಟುಕೊಳ್ಳಿ, ಅದರ ಮೇಲೆ ಬೆರಳಿಟ್ಟು ಕೇಳಿ. ಎಷ್ಟೋ ಮಕ್ಕಳು ಸುಮ್ಮನೆ ಮುಖ ನೋಡುತ್ತವೆ. ಇನ್ನು ಕೆಲವು ‘ತ, ಥ, ದ’ ಎಂದು ಸಾಲು ಹಿಡಿದು ಬಂದು ಉತ್ತರ ಕೊಡುತ್ತವೆ. ಅಂದರೆ ಹಾಡು ಬಾಯಿಪಾಠ ಆಗಿದೆ, ಓದು ಇನ್ನೂ ಶುರುವಾಗಿಲ್ಲ.

ವರ್ಣಮಾಲೆಯ ಜೋಡಣೆ ಚೆಂದವೇ. 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49. ಕ-ವರ್ಗ ಗಂಟಲಿನ ಹತ್ತಿರ ಶುರುವಾಗಿ ಪ-ವರ್ಗದ ಹೊತ್ತಿಗೆ ದನಿ ತುಟಿಗೆ ಬಂದಿರುತ್ತದೆ. ಆದರೆ ಓದು ಕಲಿಯುವ ಮಗುವಿಗೆ ಈ ಕ್ರಮದಿಂದ ಲಾಭ ಕಡಿಮೆ. ಹದಿಮೂರೂ ಸ್ವರ ಕಲಿತ ಮೇಲೂ ಓದಲು ನೆಟ್ಟಗೆ ಒಂದು ಪದ ಸಿಗುವುದಿಲ್ಲ. ಙ, ಞ ಕಲಿಯಲು ಬೆವರು ಸುರಿಸಿದರೂ ಅವು ಮುಂದೆ ಯಾವ ಪುಸ್ತಕದಲ್ಲೂ ಎದುರಾಗುವುದು ಅಪರೂಪ. ಕಲಿತ ವಾರದಲ್ಲೇ ಮಗು ಒಂದು ನಿಜವಾದ ಪದ ಓದಬೇಕು. ಅದಕ್ಕೆ ದಾರಿ ಇದೆ.

1. ಮೊದಲು ಕಿವಿ

ಮೂರು ನಾಲ್ಕು ವರ್ಷದ ಮಗುವಿಗೆ ಪುಸ್ತಕ ಬೇಡ, ಬಳಪವೂ ಬೇಡ. ಪದದೊಳಗೆ ತುಂಡುಗಳಿವೆ ಎಂದು ಕಿವಿಗೆ ತಿಳಿದರೆ ಸಾಕು. ಚಪ್ಪಾಳೆ ತಟ್ಟುತ್ತ ಹೇಳಿಸಿ. ರೊಟ್ಟಿ ಎಂದರೆ ಎರಡು ಚಪ್ಪಾಳೆ. ಶೇಂಗಾ, ಎರಡು. ಬದನಿಕಾಯಿ, ಐದು. ಅಡುಗೆ ಮಾಡುತ್ತಲೇ ಆಡಬಹುದು. ‘ಸ’ದಿಂದ ಶುರುವಾಗುವ ಸಾಮಾನು ಹುಡುಕು ಎಂದರೆ ಸಕ್ಕರೆ, ಸಾಸಿವೆ, ಸವತಿಕಾಯಿ ಒಂದೊಂದೇ ಹೊರಗೆ ಬರುತ್ತವೆ. ‘ಸವತಿಕಾಯಿ’ಯಲ್ಲಿ ಸವತಿ ತೆಗೆದರೆ ಏನು ಉಳಿಯಿತು? ‘ನಗರ’ದಲ್ಲಿ ‘ನ’ ತೆಗೆದರೆ? ಇಷ್ಟು ಬಂದರೆ ಅಕ್ಷರಕ್ಕೆ ಮಗು ತಯಾರು.

2. ಐದೇ ಅಕ್ಷರ, ಪದ ಬೇಕಾದಷ್ಟು

ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ತರಗತಿಗೆ ಹೋದರೆ ಗೋಡೆಯ ಮೇಲೆ ‘ರ ಗ ಸ ದ ಅ’ ಕಾಣುತ್ತದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಇದು, ಆಮೇಲೆ ರಾಜ್ಯದ ತುಂಬ ಹಬ್ಬಿತು. ‘ಇದೇನ್ರೀ, ಅ ಆ ಇ ಈ ಬಿಟ್ಟು ಎಲ್ಲೆಲ್ಲಿಂದೋ ಕಲಸ್ತಾರ’ ಎಂದು ಪಾಲಕರು ಗೊಣಗುವುದುಂಟು. ಆದರೆ ಆ ಐದು ಅಕ್ಷರಗಳನ್ನು ಕೂಡಿಸಿ ನೋಡಿ: ಸರ, ದರ, ರಸ, ಅಗಸ, ಅರಸ, ಗರಗಸ. ಗುಣಿತ ಬೇಡ, ಒತ್ತು ಬೇಡ. ನನಗೆ ಇದರಲ್ಲಿ ಬಹಳ ಇಷ್ಟವಾಗುವುದು ಜೋಡಿ ಪದಗಳು: ಸರಸರ, ಗರಗರ, ದರದರ, ಗದಗದ. ಓದಿದ್ದನ್ನು ಮಗು ಮಾಡಿ ತೋರಿಸಬೇಕು. ‘ಗರಗರ’ ಎಂದು ಓದಿ ಗರಗರ ತಿರುಗಬೇಕು, ‘ಗದಗದ’ ಎಂದು ಓದಿ ನಡುಗಬೇಕು. ಮಾಡಿ ತೋರಿಸಿತು ಎಂದರೆ ಅರ್ಥವಾಗಿದೆ ಎಂದೇ ಲೆಕ್ಕ.

ಸಾಮಾನು ಖರ್ಚಿನದ್ದಲ್ಲ. ಮನೆಯಲ್ಲಿ ಬಿದ್ದಿರುವ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಖಾಲಿ ಬದಿಗೆ ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಒಂದೊಂದೇ ಅಕ್ಷರ ಬರೆಯಿರಿ. ಪ್ರತಿ ಅಕ್ಷರಕ್ಕೆ ಎರಡೆರಡು ಚೀಟಿ ಇರಲಿ, ಗರಗಸಕ್ಕೆ ಎರಡು ‘ಗ’ ಬೇಕಲ್ಲ. ಚೀಟಿ ಜೋಡಿಸಿ ಪದ ಮಾಡುವ ಕೆಲಸ ಮಗುವಿನದು, ನಿಮ್ಮದಲ್ಲ. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಮಗು ಇನ್ನೂ ಬೇಕು ಅನ್ನುವಾಗಲೇ ನಿಲ್ಲಿಸಿಬಿಡಿ.

ಆಮೇಲೆ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ. ಬಾಗಲಕೋಟೆಯಲ್ಲಿ ನಿಂತರೆ ಹುಬ್ಬಳ್ಳಿ, ಬೆಳಗಾವಿ, ವಿಜಯಪುರದ ಬೋರ್ಡುಗಳು ಸಾಲಾಗಿ ಬರುತ್ತವೆ. ಅವೆಲ್ಲ ಈ ಮಗುವಿಗೆ ಇನ್ನೂ ದೂರ. ಅಷ್ಟರಲ್ಲಿ ಒಂದು ಬಸ್ಸಿನ ಹಣೆಯ ಮೇಲೆ ‘ಗದಗ’ ಕಾಣುತ್ತದೆ. ಗ, ದ, ಮತ್ತೆ ಗ. ಮೂರೂ ಅದರ ಕೈಯೊಳಗಿನ ಚೀಟಿಗಳೇ. ‘ಯವ್ವಾ, ಗದಗ! ಗದಗ ಬಸ್ ಬಂತು!’ ಎಂದು ಕೂಗಿದಾಗ ನಾಲ್ಕು ಜನ ತಿರುಗಿ ನೋಡಿದರೆ ನೋಡಲಿ ಬಿಡಿ. ಅದು ಯಾರೂ ಹೇಳಿಕೊಡದೆ ತಾನೇ ಓದಿದ ಮೊದಲ ಬೋರ್ಡು.

ಮುಂದಿನ ಗುಂಪು ‘ಜ ವ ಮ ಬ ನ’. ಈಗ ಹತ್ತು ಅಕ್ಷರ ಕೈಗೆ ಬಂದವು: ಮರ, ದನ, ಜನ, ಮಗ, ಬರ, ನಗರ. ‘ಬಸವ’ ಕೂಡ ಇಷ್ಟರಲ್ಲೇ ಬರುತ್ತದೆ. ಬಸವನ ಬಾಗೇವಾಡಿ, ಕೂಡಲಸಂಗಮ ಇರುವ ಈ ಸೀಮೆಯಲ್ಲಿ ಆ ಹೆಸರು ಗುಡಿಯ ಗೋಡೆಯಿಂದ ಹಿಡಿದು ಕಿರಾಣಿ ಅಂಗಡಿಯವರೆಗೆ ಎಲ್ಲ ಕಡೆ ಇದೆ, ಹುಡುಕಿಸಿ. ‘ಬಸವನ ದನ’, ‘ಅರಸನ ಮಗ’, ‘ಅರಸನ ಮಗನ ಗರಗಸ’ ಎಂದು ಎರಡು ಮೂರು ಪದ ಕೂಡಿಸಿದರೆ ಅರ್ಧ ವಾಕ್ಯವೂ ಆಯಿತು, ನಗುವೂ ಬಂತು.

ಒಂದು ಎಚ್ಚರ. ನೋಡಲು ಒಂದೇ ಥರ ಇರುವ ಅಕ್ಷರಗಳನ್ನು ಒಂದೇ ದಿನ ಕೊಡಬೇಡಿ. ಸ ಮತ್ತು ನ, ರ ಮತ್ತು ಠ, ದ ಮತ್ತು ಧ, ಬ ಮತ್ತು ಒ. ‘ವ’ ಮತ್ತು ‘ಮ’ ಒಂದೇ ಗುಂಪಿನಲ್ಲಿವೆ, ಆದ್ದರಿಂದ ‘ವ’ ಗಟ್ಟಿಯಾಗುವ ತನಕ ‘ಮ’ ಎತ್ತಿಡಿ.

ಬರವಣಿಗೆಗೆ ಅವಸರವೇ ಬೇಡ. ಸಣ್ಣ ಬೆರಳಿಗೆ ಬಳಪ ಹಿಡಿಯುವುದೇ ಒಂದು ಕಸರತ್ತು. ರೊಟ್ಟಿ ಬಡಿದಾದ ಮೇಲೆ ಪರಾತದಲ್ಲಿ ಉಳಿದ ಜೋಳದ ಹಿಟ್ಟನ್ನು ಸಮ ಮಾಡಿ, ಬೆರಳಿನಿಂದ ‘ರ’ ಬರೆಸಿ, ಸವರಿ, ಮತ್ತೆ ಬರೆಸಿ. ಪಾಟಿ ತುಂಬ ‘ಅ ಅ ಅ ಅ’ ಬರೆಸುವುದು ನಮಗೆ ಪುರಸೊತ್ತು ಸಿಗಲಿ ಎಂದು ಮಾಡಿಕೊಂಡ ಉಪಾಯ, ಅಷ್ಟೇ ಅಲ್ವಾ?

3. ಕಾಗುಣಿತ: ಒಂದು ಸಲಕ್ಕೆ ಒಂದೇ ಗುರುತು

34 ವ್ಯಂಜನಗಳಿಗೆ ಕ-ಕಾ-ಕಿಯಿಂದ ಕಂ-ಕಃವರೆಗೆ ಹದಿನೈದರಂತೆ ಲೆಕ್ಕ ಹಾಕಿದರೆ 510 ರೂಪಗಳು. ಇಷ್ಟನ್ನೂ ಸಾಲಾಗಿ ಬರೆಸಿದರೆ ಯಾವ ಮಗುವಿಗಾದರೂ ಬೇಸರ ಬರುತ್ತದೆ. ಅಡ್ಡಸಾಲು ಬಿಡಿ. ಮೊದಲು ಇಳಿ ಒಂದನ್ನೇ ತೆಗೆದುಕೊಳ್ಳಿ, ಗೊತ್ತಿರುವ ಅಕ್ಷರಗಳಿಗೆಲ್ಲ ಹಚ್ಚಿ. ಸರ ಸಾರ ಆಯಿತು, ದರ ದಾರ ಆಯಿತು, ಬರ ಬಾರ ಆಯಿತು. ದನಿ ಎಳೆದಂತೆ ಕೈಯನ್ನೂ ಎಳೆಯಲಿ. ಅದು ಕೂತ ಮೇಲೆ ಗುಡಿಸು: ಮರಿ, ನರಿ, ದಾರಿ, ಬಾವಿ, ಗಾದಿ. ಈ ಎರಡೇ ಗುರುತಿನಲ್ಲಿ ‘ಬಾದಾಮಿ’ ಬಂದುಬಿಡುತ್ತದೆ. ಮತ್ತೊಂದು ಬೋರ್ಡು ಕೈವಶ.

ಕೊಂಬಿನಲ್ಲಿ ಒಂದು ಗುಂಡಿ ಇದೆ. ಉಳಿದ ಅಕ್ಷರಗಳಿಗೆ ಕೊಂಬು ಬಲಕ್ಕೆ ಹತ್ತಿಕೊಂಡರೆ, ಪ ಮತ್ತು ವಕ್ಕೆ ಕೆಳಗೆ ಇಳಿಯುತ್ತದೆ: ಪು, ವು. ‘ವ’ಕ್ಕೂ ಎಲ್ಲರಂತೆ ಬಲಕ್ಕೆ ಹಚ್ಚಿದರೆ ಅದು ‘ಮ’ದಂತೆಯೇ ಕಾಣುತ್ತದೆ. ಹೂವು, ಹಾವು, ಮಾವು ಬರೆಯುವಾಗ ಮಕ್ಕಳು ಎಡವುವುದು ಇಲ್ಲೇ. ಬೈಯಬೇಡಿ, ವು ಮತ್ತು ಮ ಎರಡನ್ನೂ ಪಕ್ಕಪಕ್ಕ ಬರೆದು ತೋರಿಸಿ.

ಸೊನ್ನೆಗೆ ನಮ್ಮ ಊರುಗಳೇ ಸಾಕು. ಇಂಡಿ, ಸಿಂದಗಿ, ಜಮಖಂಡಿ, ಹುನಗುಂದ. ಬೆಳಗಾವಿಯ ಮಕ್ಕಳಿಗೆ ಕುಂದಾ, ಗೋಕಾಕದವರಿಗೆ ಕರದಂಟು. ಪೊಟ್ಟಣದ ಮೇಲಿನ ಹೆಸರು ಓದಿದ ಮೇಲೇ ಬಿಚ್ಚುವುದು ಎಂದು ಕರಾರು ಮಾಡಿಕೊಳ್ಳಿ. ಡ-ದ ಮುಂದೆ ಸೊನ್ನೆಯ ದನಿ ಹೇಗೆ ಬದಲಾಗುತ್ತದೆ ಎಂದೆಲ್ಲ ವಿವರಿಸಬೇಕಿಲ್ಲ, ನಾಲಿಗೆಗೆ ಅದು ಮೊದಲೇ ಗೊತ್ತು.

ಕಾಗುಣಿತಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಇಂಗ್ಲಿಷ್ ಮಾಧ್ಯಮದ ಪಕ್ಕದ ಮನೆ ಹುಡುಗ 26 ಅಕ್ಷರ ಮುಗಿಸಿದ ಎಂದು ಗಾಬರಿಯಾಗಬೇಡಿ. ಕನ್ನಡ ಓದು ಕಲಿಯುವ ಮಕ್ಕಳನ್ನೇ ನೋಡಿ ಸೊನಾಲಿ ನಾಗ್ ಮಾಡಿದ ಅಧ್ಯಯನ 2007ರಲ್ಲಿ ಪ್ರಕಟವಾಗಿದೆ. ಇಷ್ಟೊಂದು ಅಕ್ಷರರೂಪಗಳು ಪೂರ್ತಿ ಕೈಗೆ ಬರುವ ಕೆಲಸ ನಾಲ್ಕನೇ ತರಗತಿಯಲ್ಲೂ ನಡೆದೇ ಇರುತ್ತದೆ ಎಂದು ಅದು ಹೇಳುತ್ತದೆ.

4. ಒತ್ತಕ್ಷರ

ಮನೆಯವರಿಂದಲೇ ಶುರು ಮಾಡಿ: ಅವ್ವ, ಅಪ್ಪ, ಅಕ್ಕ, ಅಣ್ಣ, ಅಜ್ಜ. ಮೇಲಿನ ಅಕ್ಷರವೇ ಕೆಳಗೂ ಇರುವುದರಿಂದ ಸುಲಭ. ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರದಂತೆ ಕಾಣುವುದಿಲ್ಲ, ಅವಕ್ಕೆ ಬೇರೆ ಚೀಟಿ ಮಾಡಿ. ‘ಕರ್ನಾಟಕ’, ‘ಸೂರ್ಯ’ದಲ್ಲಿ ಬರುವ ಅರ್ಕಾವತ್ತು ಕೊನೆಗೆ. ಬಾಯಲ್ಲಿ ಮೊದಲು ಬರುವ ರ್ ಬರಹದಲ್ಲಿ ಹಿಂದೆ ಕೂತಿರುತ್ತದೆ, ದೊಡ್ಡವರಿಗೂ ಒಮ್ಮೊಮ್ಮೆ ಗೊಂದಲ.

5. ಪುಸ್ತಕದ ಮಾತು, ಮನೆಯ ಮಾತು

ನಮ್ಮ ಕಡೆ ಓದು ನಿಲ್ಲುವ ನಿಜವಾದ ಜಾಗ ಇದು. ಪುಸ್ತಕದಲ್ಲಿ ‘ತಾತ ಮನೆಯಲ್ಲಿ ಇದ್ದಾರೆ’ ಎಂದಿರುತ್ತದೆ. ವಿಜಯಪುರದ ಮಗುವಿಗೆ ಅವರು ಮುತ್ಯಾ, ಅವರು ಇರುವುದು ಮನ್ಯಾಗ. ತಾ-ತ-ಮ-ನೆ-ಯ-ಲ್ಲಿ ಎಂದು ಒಂದೊಂದೇ ಅಕ್ಷರ ಸರಿಯಾಗಿ ಹೇಳಿದರೂ ಯಾರ ಬಗ್ಗೆ ಓದುತ್ತಿದ್ದೇನೆ ಎಂದು ಮಗುವಿಗೆ ಹೊಳೆಯುವುದಿಲ್ಲ. ಹಾಗಾಗಿ ವಾಕ್ಯ ಮುಗಿದ ಕೂಡಲೇ ಕೇಳಿ: ‘ಏನ್ ಹೇಳಾಕತ್ತಾರ ಇದ್ರಾಗ?’ ‘ಮುತ್ಯಾ ಮನ್ಯಾಗ ಅದಾನ’ ಎಂದಿತೋ, ಪಾಸು. ಹಾಗೆ ಹೇಳಬಾರದು, ಪುಸ್ತಕದಲ್ಲಿದ್ದ ಹಾಗೇ ಹೇಳು ಎಂದು ತಿದ್ದಿದರೆ ಅದು ಮುಂದಿನ ಸಲ ಬಾಯಿ ಬಿಡುವುದಿಲ್ಲ. ಅರ್ಥ ಹೇಳಿದ ಮೇಲೆ, ‘ಪುಸ್ತಕದಾಗ ಹೆಂಗ್ ಬರದಾರ ನೋಡೂಣು’ ಎಂದು ಇನ್ನೊಮ್ಮೆ ಬೆರಳಿಟ್ಟು ಓದಿಸಿ.

ಮೊದಲ ಕೆಲವು ವಾಕ್ಯಗಳನ್ನು ಮಗುವಿನ ಬಾಯಿಂದಲೇ ತೆಗೆದುಕೊಳ್ಳುವುದು ಇನ್ನೂ ಒಳ್ಳೆಯದು. ಇವತ್ತು ಏನಾಯಿತು ಎಂದು ಕೇಳಿ. ‘ನಮ್ಮ ಎಮ್ಮಿ ಕರಾ ಹಾಕೇತಿ’ ಎಂದರೆ ಹಾಗೆಯೇ ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ತಾನು ಆಡಿದ್ದನ್ನೇ ಓದುವುದರಿಂದ ಅಕ್ಷರ ಸಿಕ್ಕದ ಕಡೆಯೂ ಅಂದಾಜಿನಿಂದ ದಾಟುತ್ತದೆ.

ಖಾನಾಪುರ, ನಿಪ್ಪಾಣಿ ಕಡೆ ಮರಾಠಿ ಮನೆಗಳು, ವಿಜಯಪುರದಲ್ಲಿ ಉರ್ದು ಮನೆಗಳು, ತಾಂಡಾಗಳಲ್ಲಿ ಲಂಬಾಣಿ. ಅಂಥ ಮಕ್ಕಳಿಗೆ ಕಥೆಯನ್ನು ಮೊದಲು ಮನೆಮಾತಿನಲ್ಲಿ ಹೇಳಿಬಿಡಿ, ಆಮೇಲೆ ಅದನ್ನೇ ಕನ್ನಡದಲ್ಲಿ ಓದಿ. ಕಿವಿಗೆ ಗೊತ್ತಿಲ್ಲದ ಪದವನ್ನು ಕಣ್ಣಿನಿಂದ ಓದಿ ಪ್ರಯೋಜನ ಕಡಿಮೆ. ಮರಾಠಿ ಓದಲು ಬರುವ ಮಗುವಿಗೆ ಅರ್ಧ ಕೆಲಸ ಆಗಿಹೋಗಿದೆ ಎಂದೇ ತಿಳಿಯಿರಿ. ಅಲ್ಲೂ ಕ, ಕಾ, ಕಿ ಅದೇ ಲೆಕ್ಕದಲ್ಲಿ ನಡೆಯುತ್ತದೆ, ಬದಲಾಗುವುದು ಅಕ್ಷರದ ಆಕಾರ.

6. ಪುಸ್ತಕ ಎಲ್ಲಿಂದ?

ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಎಂಬ ಹೆಸರು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಹಳ್ಳಿಯ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಮೊಬೈಲ್ ಇದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ದುಡ್ಡಿಲ್ಲದೆ ಸಿಗುತ್ತವೆ, ಹಂತದ ಪ್ರಕಾರ ಜೋಡಿಸಿಟ್ಟಿದ್ದಾರೆ. ಮೊದಲ ಹಂತದ್ದು ತೆಗೆದುಕೊಳ್ಳಿ, ಪುಟಕ್ಕೆ ಒಂದೆರಡು ಸಾಲು ಇರುತ್ತದೆ. ಒಂದೇ ಕಥೆಯನ್ನು ಮಗು ಮತ್ತೆ ಮತ್ತೆ ಕೇಳಿದರೆ ಬೇಡ ಅನ್ನಬೇಡಿ, ಓದಿನ ವೇಗ ಬರುವುದೇ ಹಾಗೆ. ಹಳೆಯ ಪೇಪರ್ ಕೊಟ್ಟು ಗೊತ್ತಿರುವ ಅಕ್ಷರಗಳಿಗೆ ಸುತ್ತು ಹಾಕಿಸಿ. ಹೆಡ್ಡಿಂಗಿನ ದೊಡ್ಡಕ್ಷರ ಇದಕ್ಕೆ ಸರಿ.

ಓದುವಾಗ ತಡವರಿಸಿದರೆ ತಕ್ಷಣ ಬಾಯಿ ಹಾಕಬೇಡಿ. ಮನಸ್ಸಿನಲ್ಲೇ ಐದು ಎಣಿಸಿ, ಬಹಳ ಸಲ ಅಷ್ಟರಲ್ಲಿ ತಾನೇ ಹೇಳುತ್ತದೆ.

ಕಣ್ಣು, ಕಿವಿ ನೋಡಿಸಿದ್ದೀರಾ?

ಮಗು ಪುಸ್ತಕವನ್ನು ಮೂಗಿಗೆ ಹತ್ತಿರ ಹಿಡಿಯುತ್ತದೆಯೇ? ಬೋರ್ಡಿನ ಅಕ್ಷರ ಕಾಣುವುದಿಲ್ಲ ಎಂದು ಮುಂದೆ ಮುಂದೆ ಹೋಗುತ್ತದೆಯೇ? ಕರೆದರೆ ಎರಡು ಮೂರು ಸಲಕ್ಕೆ ತಿರುಗುತ್ತದೆಯೇ? ದಡ್ಡ ಅನ್ನುವ ಮೊದಲು ತಪಾಸಣೆ ಮಾಡಿಸಿ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿಗೆ ಮತ್ತು ಸರ್ಕಾರಿ ಶಾಲೆಗೆ ವೈದ್ಯರ ತಂಡ ಬರುತ್ತದೆ, ಕಣ್ಣು ಕಿವಿ ಎರಡನ್ನೂ ಉಚಿತವಾಗಿ ನೋಡುತ್ತಾರೆ. ಎರಡೂ ಸರಿ ಇದ್ದು, ಎರಡನೇ ತರಗತಿ ಮುಗಿದರೂ ಸಣ್ಣ ಪದ ಕೂಡಿಸಲು ಆಗುತ್ತಿಲ್ಲ ಎಂದರೆ ಶಿಕ್ಷಕರ ಜೊತೆ ಕೂತು ಮಾತಾಡಿ, ಜಿಲ್ಲಾ ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ತೋರಿಸಿ. ತಂಡ ಯಾವತ್ತು ಬರುತ್ತದೆ ಎಂದು ಮುಖ್ಯಶಿಕ್ಷಕರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಲಗ್ನ ಇರಲಿ, ಜಾತ್ರೆ ಇರಲಿ, ಅವತ್ತೊಂದು ದಿನ ಶಾಲೆ ತಪ್ಪಿಸಬೇಡಿ.