ಹೊರಗಿನ ಮೀಟರ್, ಹೊರಗಿನ ಸೆನ್ಸರ್: ನನ್ನ ಲಾರಿಯಲ್ಲಿ ಸರಿಮಾಡಿಕೊಂಡ ಬಗೆ

ಲಾರಿಯ ಆಯಿಲ್, ಟೆಂಪರೇಚರ್ ಮೀಟರ್ ತಪ್ಪು ತೋರಿಸಿದ ಕೂಡಲೇ ಸೆನ್ಸರ್, ಅಂದರೆ ಎಂಜಿನ್ನಿನಲ್ಲಿ ಕೂತು ಮೀಟರ್‌ಗೆ ಸುದ್ದಿ ಕೊಡುವ ಸಾಮಾನು, ತರೋಕೆ ಓಡಬೇಡಿ. ನಮ್ಮ ಮಂಡ್ಯ ಕಡೆ ಲಾರಿ ಇಟ್ಟುಕೊಂಡವರು ಹೆಚ್ಚಾಗಿ ಮಾಡುವುದೇ ಅದು. ಮುಳ್ಳು ಏಳಲಿಲ್ಲವಾ, ಸೆನ್ಸರ್ ತಾ. ಮುಳ್ಳು ಮೇಲೆ ಹೋಗಿ ಕೂತಿತಾ, ಸೆನ್ಸರ್ ತಾ. ಹೊಸದು ಹಾಕಿದ ಮೇಲೂ ಅದೇ ಕಥೆ ಆದರೆ ಅಂಗಡಿಯವನಿಗೆ ಬೈಗುಳ. ಮೀಟರ್, ವೈರ್, ಅರ್ತ್ (ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ), ಸೆನ್ಸರ್, ಈ ನಾಲ್ಕರಲ್ಲಿ ಕೆಟ್ಟಿರುವುದು ಯಾವುದು ಅಂತ ನೋಡೋಕೆ ಒಂದು ಮಲ್ಟಿಮೀಟರ್, ಒಂದು ತುಂಡು ವೈರ್, ಮತ್ತೆ ರೇಡಿಯೋ ರಿಪೇರಿ ಸಾಮಾನಿನ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ, ಕರೆಂಟಿಗೆ ಇಂತಿಷ್ಟು ಓಮ್ ಅಂತ ತಡೆ ಕೊಡುವ ರೆಸಿಸ್ಟರ್‌ಗಳು ಸಾಕು.

ನನ್ನದು ಹಳೆಯ ಲಾರಿ. ಸೀಸನ್‌ನಲ್ಲಿ ಕಬ್ಬು, ಉಳಿದ ಕಾಲ ಬೆಲ್ಲ, ಭತ್ತ, ಅಕ್ಕಿ. ಕಂಪನಿ ಮೀಟರ್‌ಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಕಂಪನಿ ಸೆಟ್‌ನ ರೇಟ್ ಕೇಳಿ ಸುಮ್ಮನಾದೆ. ಮೈಸೂರಿನ ಒಂದು ಸ್ಪೇರ್ ಅಂಗಡಿಯಲ್ಲಿ ಆಯಿಲ್, ಟೆಂಪರೇಚರ್, ಡೀಸೆಲ್ ಮೂರೂ ಮೀಟರ್ ಇರುವ ಹೊರಗಿನ (ಕಂಪನಿಯದಲ್ಲದ) ಪಟ್ಟಿ ಸಿಕ್ಕಿತು, ಸೆನ್ಸರ್‌ಗಳನ್ನೂ ಅಲ್ಲೇ ಕೊಟ್ಟರು. ಇಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಕೂರಿಸಿಕೊಟ್ಟ. ನೋಡೋಕೆ ಚೆನ್ನಾಗೇ ಇತ್ತು, ರಾತ್ರಿ ಹೊತ್ತು ನೀಲಿ ಲೈಟ್ ಬೇರೆ.

ಕಬ್ಬಿನ ಲಾರಿಗೆ ಈ ಮೀಟರ್‌ಗಳು ಶೋಕಿಗೆ ಅಲ್ಲ. ಫ್ಯಾಕ್ಟರಿ ಯಾರ್ಡಿನ ಹೊರಗೆ ಸಾಲು ನಿಂತಾಗ ಎಂಜಿನ್ ಸ್ಟಾರ್ಟ್ ಆಗೇ ಇರುತ್ತದೆ, ಗಾಡಿ ಮಾರುದ್ದ ಹೋಗುತ್ತದೆ, ನಿಲ್ಲುತ್ತದೆ, ಮತ್ತೆ ಮಾರುದ್ದ, ಅಷ್ಟರಲ್ಲಿ ಗದ್ದೆಯಲ್ಲಿ ಹೊಕ್ಕ ತರಗಿನ ಚೂರು ರೇಡಿಯೇಟರ್ ಮೇಲೆ ಅಂಟಿಕೊಂಡು ಗಾಳಿ ಕಟ್ಟಿರುತ್ತದೆ. ಬಿಸಿ ಏರುವುದು ಅಲ್ಲೇ. ಆಗ ಮೀಟರ್ ಸುಳ್ಳು ಹೇಳಿದರೆ ಹೆಡ್ ಗ್ಯಾಸ್ಕೆಟ್ ಹೋಯಿತು ಅಂತಲೇ ಲೆಕ್ಕ.

ಮೊದಲು ತಕರಾರು ಬಂದಿದ್ದು ಆಯಿಲ್ ಮೀಟರ್‌ದು. ಡ್ರೈವರ್ ಹುಡುಗ ಫೋನ್ ಮಾಡಿದ. "ಅಣ್ಣಾ, ಸೆಲ್ಫ್ ಹೊಡೆದೇಟಿಗೆ ಮುಳ್ಳು ಪೂರ್ತಿ ಮೇಲಕ್ಕೋಯ್ತದೆ ಕಣಣ್ಣ. ಆಫ್ ಮಾಡಿದ್ರೆ ಸೊನ್ನೆ. ಮಧ್ಯದಲ್ಲಿ ಎಲ್ಲೂ ನಿಂತ್ಕಳಕಿಲ್ಲ."

ಅವನು ಹೇಳಿದ ರೀತಿಯಲ್ಲೇ ಉತ್ತರ ಇತ್ತು. ಈ ನಮೂನೆಯ ಆಯಿಲ್ ಸೆನ್ಸರ್‌ಗೆ ಎರಡು ಟರ್ಮಿನಲ್ ಇರುತ್ತದೆ. ಒಂದರ ಪಕ್ಕ ಜಿ, ಇನ್ನೊಂದರ ಪಕ್ಕ ಡಬ್ಲ್ಯೂಕೆ ಅಂತ ಸಣ್ಣದಾಗಿ ಅಚ್ಚು ಹಾಕಿರುತ್ತಾರೆ. ಜಿ ಮೀಟರ್‌ಗೆ, ಡಬ್ಲ್ಯೂಕೆ ಕೆಂಪು ಲೈಟ್‌ಗೆ. ಡಬ್ಲ್ಯೂಕೆ ಒಳಗಿರುವುದು ಬರೀ ಸ್ವಿಚ್. ಪ್ರೆಶರ್ ಇಲ್ಲದಾಗ ಅರ್ತ್ ಕೊಡುತ್ತದೆ, ಪ್ರೆಶರ್ ಬಂದ ಕೂಡಲೇ ಬಿಟ್ಟುಬಿಡುತ್ತದೆ. ಮೀಟರ್ ವೈರ್ ಅಲ್ಲಿಗೆ ಸಿಕ್ಕಿಸಿದರೆ ಮುಳ್ಳಿಗೆ ಎರಡೇ ಜಾಗ, ಸೊನ್ನೆ ಇಲ್ಲಾ ಫುಲ್. ಕೆಳಗೆ ಬಗ್ಗಿ ಟಾರ್ಚ್ ಬಿಟ್ಟು ನೋಡಿದೆ, ವೈರ್ ಅದಲುಬದಲಾಗಿತ್ತು. ಬದಲಾಯಿಸಿದೆ, ಮುಳ್ಳು ಕೆಲಸ ಶುರುಮಾಡಿತು. ಮೀಟರ್ ಹಿಂದುಗಡೆಯೂ ಹೀಗೇ ಎಡವುವ ಜಾಗ ಒಂದಿದೆ. ಕೆಲವು ಮೀಟರ್‌ಗಳಲ್ಲಿ ಜಿ ಅಂದರೆ ಸೆನ್ಸರ್ ವೈರ್, ಇನ್ನು ಕೆಲವದರಲ್ಲಿ ಜಿ ಅಂದರೆ ಅರ್ತ್, ಸೆನ್ಸರ್‌ಗೆ ಎಸ್. ಡಬ್ಬದಲ್ಲಿ ಬಂದ ಚೀಟಿ ನೋಡದೆ ಅಂದಾಜಿಗೆ ಹಾಕಬೇಡಿ.

ಮುಳ್ಳು ಆಡುತ್ತಿತ್ತು ನಿಜ, ಆದರೆ ತೋರಿಸುತ್ತಿದ್ದದ್ದು ಜಾಸ್ತಿ. ಬಿಸಿ ಎಂಜಿನ್ ಐಡಲ್‌ನಲ್ಲಿದ್ದಾಗಲೂ ನಾಲ್ಕು ಕೆಜಿ ಪ್ರೆಶರ್ ಅಂದರೆ ಯಾರು ನಂಬುತ್ತಾರೆ? ಅಷ್ಟು ಓಡಿದ ಹಳೇ ಎಂಜಿನ್ನು. ಸೆನ್ಸರ್ ಬಿಚ್ಚಿ ಒರೆಸಿದಾಗ ಅದರ ಆರುಮೂಲೆ ನಟ್ಟಿನ ಮೇಲೆ 0-5 ಅಂತ ಕಂಡಿತು. ಮೀಟರ್ ಮುಖದಲ್ಲಿ 0-10. ಎರಡೂ 10ರಿಂದ 180 ಓಮ್ ನಮೂನೆಯವೇ, ಒಂದೇ ಥ್ರೆಡ್ಡು, ಒಂದೇ ಆಕಾರ. ಆದರೆ ಈ ಸೆನ್ಸರ್ 5 ಕೆಜಿಗೆ 180 ಓಮ್ ಮುಟ್ಟುತ್ತದೆ, ಮೀಟರ್ 180 ಓಮ್ ಕಂಡರೆ 10 ಕೆಜಿ ಅನ್ನುತ್ತದೆ. ಅಂದರೆ ಇರುವುದರ ಎರಡರಷ್ಟು. ನಿಜವಾಗಿ ಒಂದು ಕೆಜಿಗೆ ಇಳಿದರೂ ಮೀಟರ್ ಎರಡು ತೋರಿಸಿ ಡ್ರೈವರ್‌ಗೆ ನೆಮ್ಮದಿ ಕೊಡುತ್ತಿರುತ್ತದೆ. ಸಾಮಾನು ಕೆಟ್ಟಿಲ್ಲ, ಜೋಡಿ ಕೆಟ್ಟಿದೆ. ಅಂಗಡಿಯಲ್ಲಿ "ಎಲ್ಲಾ ಗಾಡಿಗೂ ಆಗುತ್ತೆ ಸಾರ್" ಅಂದು ಕೊಡುವುದು ಇಂಥದ್ದನ್ನೇ. ಅಮೆರಿಕದ ನಮೂನೆಯ ಮೀಟರ್‌ಗಳು ಬೇರೆ ಇವೆ, ಅವು 240ರಿಂದ 33 ಓಮ್, ಅಂದರೆ ಉಲ್ಟಾ ಓಡುತ್ತವೆ. ಅದನ್ನು ಇದಕ್ಕೆ ಜೋಡಿಸಿದರೆ ಟ್ಯಾಂಕ್ ಖಾಲಿಯಾದಷ್ಟೂ ಡೀಸೆಲ್ ಮುಳ್ಳು ಏರುತ್ತದೆ!

ಈಗ ರೆಸಿಸ್ಟರ್ ವಿಷಯ. ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇದೇ. ಸೆನ್ಸರ್‌ನಿಂದ ವೈರ್ ಕಿತ್ತು, ಆ ವೈರಿಗೂ ಎಂಜಿನ್ ಬಾಡಿಗೂ ಮಧ್ಯೆ ಗೊತ್ತಿರುವ ಓಮ್ ಹಿಡಿಯುವುದು. 10 ಓಮ್ ಹಿಡಿದರೆ ಆಯಿಲ್ ಮೀಟರ್ ಸೊನ್ನೆ ಹತ್ತಿರ ಬರಬೇಕು, 180 ಹಿಡಿದರೆ ಫುಲ್, 100 ಹಿಡಿದರೆ ನಡುಮಧ್ಯದ ಆಸುಪಾಸು. ಬಂದರೆ ಮೀಟರ್, ವೈರ್, ಮೀಟರಿನ ಅರ್ತ್ ಮೂರೂ ಸರಿ ಇವೆ, ತಪ್ಪು ಸೆನ್ಸರ್‌ದು. ಬರಲಿಲ್ಲ ಅಂದರೆ ಸೆನ್ಸರ್ ಮುಟ್ಟಲೇ ಬೇಡಿ. ರೆಸಿಸ್ಟರ್ ಇಲ್ಲದಿದ್ದರೆ ವೈರ್ ಬಿಚ್ಚಿ ಒಮ್ಮೆ ನೋಡಿ, ಬಾಡಿಗೆ ಮುಟ್ಟಿಸಿ ಒಮ್ಮೆ ನೋಡಿ, ಮುಳ್ಳು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗಬೇಕು. ಆದರೆ ಆ ಪರೀಕ್ಷೆ ಮೀಟರ್ ಬದುಕಿದೆಯೋ ಇಲ್ಲವೋ ಅಂತ ಹೇಳುತ್ತದೆ ಅಷ್ಟೇ, ಸರಿಯಾಗಿ ಓದುತ್ತದೋ ಅಂತ ಹೇಳುವುದಿಲ್ಲ.

ಟೆಂಪರೇಚರ್ ಸೆನ್ಸರ್‌ನಲ್ಲಿ ಬಿಸಿ ಏರಿದಂತೆ ಓಮ್ ಇಳಿಯುತ್ತದೆ. ಹಾಗಾಗಿ ಆ ವೈರ್ ಬಾಡಿಗೆ ಮುಟ್ಟಿಸಿದರೆ ಮುಳ್ಳು ಕೆಂಪಿಗೆ ಹೋಗುತ್ತದೆ, ಬಿಚ್ಚಿದರೆ ತಣ್ಣಗೆ ತೋರಿಸುತ್ತದೆ. ಇದರಿಂದಾಗುವ ಅಪಾಯ ನೋಡಿ. ವೈರ್ ಎಲ್ಲೋ ಕಟ್ ಆದರೆ, ಗದ್ದೆ ಬದಿ ನಿಲ್ಲಿಸಿದ ಗಾಡಿಗೆ ಇಲಿ ನುಗ್ಗಿ ಕಡಿದರೆ, ಮೀಟರ್ ಹೇಳುವುದು "ಎಂಜಿನ್ ತಣ್ಣಗಿದೆ" ಅಂತ.

ನನ್ನ ಮೀಟರ್ ಮೊದಮೊದಲು ಸುಮ್ನೆ ನಡೆಯುವಾಗಲೇ 105, 110 ಅನ್ನುತ್ತಿತ್ತು. ರೇಡಿಯೇಟರ್ ಪೈಪ್ ಮುಟ್ಟಿದರೆ ಅಂಥ ಬಿಸಿ ಇಲ್ಲ. ಸೆನ್ಸರ್ ಬಿಚ್ಚಿ ಶೆಡ್ಡಿಗೆ ತಂದು ಹಳೇ ಸ್ಟೀಲ್ ಚೊಂಬಿನಲ್ಲಿ ನೀರು ಕುದಿಯೋಕೆ ಇಟ್ಟೆ. ಥ್ರೆಡ್ ಭಾಗ ಮಾತ್ರ ಮುಳುಗುವಂತೆ ಕಂಬಿಯಲ್ಲಿ ಇಳಿಬಿಟ್ಟೆ, ಟರ್ಮಿನಲ್ ನೀರಿಗೆ ತಾಗಬಾರದು, ತಳಕ್ಕೂ ತಾಗಬಾರದು. ಮಲ್ಟಿಮೀಟರಿನ ಒಂದು ಕ್ಲಿಪ್ ಟರ್ಮಿನಲ್‌ಗೆ, ಇನ್ನೊಂದು ನಟ್ಟಿಗೆ. ನೀರು ಬಿಸಿಯಾದಂತೆ ಓಮ್ ಸರಸರ ಇಳಿಯುತ್ತಾ ಬಂತು, ಗುಳುಗುಳು ಕುದಿಯುವಾಗ 25ರ ಹತ್ತಿರ ನಿಂತಿತು. ಇಲ್ಲಿ ಒಂದು ಸಣ್ಣ ಲೆಕ್ಕ. ಮಂಡ್ಯ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 100ಕ್ಕೆ ಕುದಿಯುವುದಿಲ್ಲ, 98ರ ಹತ್ತಿರವೇ ಕುದಿಯುತ್ತದೆ. ಮೈಸೂರಿನಲ್ಲಿ ಇನ್ನೂ ಒಂಚೂರು ಕಡಿಮೆ. 120 ಡಿಗ್ರಿ ಮೀಟರ್‌ಗೆ ಬರುವ ಮಾಮೂಲಿ ಸೆನ್ಸರ್ ಆ ಬಿಸಿಗೆ 40 ಓಮ್ ಆಸುಪಾಸು ಇರಬೇಕು. ಮೀಟರ್‌ದು ತಪ್ಪಿರಬಹುದಾ ಅಂತ 39 ಓಮ್ ರೆಸಿಸ್ಟರ್ ಹಿಡಿದು ನೋಡಿದೆ, ಮುಳ್ಳು 100ರ ಗೆರೆ ಮೇಲೆ ಬಂದು ಕೂತಿತು. ಮೀಟರ್ ಸರಿ, ಸೆನ್ಸರ್ ಕೆಟ್ಟದ್ದು.

ಅಂಗಡಿಯವರು ಬದಲಾಯಿಸಿ ಇನ್ನೊಂದು ಕೊಟ್ಟರು. ಗಾಡಿಗೆ ಹಾಕದೆ ಅದನ್ನೂ ಕುದಿಸಿದೆ. ಅದು 60 ಓಮ್‌ಗಿಂತ ಕೆಳಗೆ ಬರಲೇ ಇಲ್ಲ. ಅಂದರೆ ನೀರು ಕುದಿಯುತ್ತಿರುವಾಗ ಈ ಸೆನ್ಸರ್ 85 ಡಿಗ್ರಿ ಅನ್ನುತ್ತದೆ. ಮೊದಲನೆಯದ್ದು ಸುಮ್ನೆ ಗಾಬರಿ ಬೀಳಿಸುತ್ತಿತ್ತು, ಇದು ಎಂಜಿನ್ ಸುಟ್ಟು ಹಾಕುತ್ತಿತ್ತು. ಒಂದೇ ಡಬ್ಬ, ಒಂದೇ ನಂಬರ್, ಒಂದು ಮೇಲೆ, ಒಂದು ಕೆಳಗೆ. ಕೊನೆಗೆ ಸೆನ್ಸರ್ ಮಾತ್ರ ಹೆಸರು ಇರುವ ಕಂಪನಿಯದ್ದೇ ತಗೊಂಡೆ. ಮೀಟರ್ ಲೋಕಲ್ ಆದರೂ ನಡೆಯುತ್ತದೆ, ಸೆನ್ಸರ್‌ನಲ್ಲಿ ದುಡ್ಡು ಉಳಿಸಬಾರದು ಅನ್ನುವುದು ನನ್ನ ಲೆಕ್ಕ. ಬೇರೆಯವರು ಒಪ್ಪದೇ ಇರಬಹುದು. ಓಮ್ ಹೊಂದಿಸೋಕೆ ವೈರಿನ ಮಧ್ಯೆ ಒಂದು ರೆಸಿಸ್ಟರ್ ಸೇರಿಸಿಬಿಡಿ ಅನ್ನುವವರೂ ಇದ್ದಾರೆ, ಆಯಿಲ್‌ಗೂ ಟೆಂಪರೇಚರ್‌ಗೂ ಆ ಕೆಲಸ ಬೇಡ. ಒಂದು ಕಡೆ ಹೊಂದಿದರೆ ಇನ್ನೊಂದು ಕಡೆ ತಪ್ಪುತ್ತದೆ.

ಇನ್ನೊಂದು ಮಾತು, ಡ್ರೈವರ್‌ಗಳಿಗೆ ಹೇಳಿಕೊಡಬೇಕಾದ್ದು. ಏರುತ್ತಿದ್ದ ಟೆಂಪರೇಚರ್ ಮುಳ್ಳು ಇದ್ದಕ್ಕಿದ್ದಂತೆ ಬಿದ್ದರೆ ಖುಷಿಪಡಬೇಡಿ. ನೀರು ಖಾಲಿಯಾಗಿ ಸೆನ್ಸರ್ ಗಾಳಿಯಲ್ಲಿ ನಿಂತರೂ ಮುಳ್ಳು ಬೀಳುತ್ತದೆ. ಗಾಡಿ ಪಕ್ಕಕ್ಕೆ ಹಾಕಿ ನೋಡಿ.

ಅರ್ತ್ ವಿಷಯ ಹೇಳದಿದ್ದರೆ ಪೂರ್ತಿ ಆಗಲ್ಲ. ಎಲ್ಲಾ ಸರಿಮಾಡಿದ ಮೇಲೂ ಒಂದು ರಾತ್ರಿ ಶ್ರೀರಂಗಪಟ್ಟಣದ ಹತ್ತಿರ ನೋಡುತ್ತೇನೆ, ಬಲಕ್ಕೆ ಇಂಡಿಕೇಟರ್ ಹಾಕಿದರೆ ಆಯಿಲ್ ಮುಳ್ಳೂ ಟೆಂಪರೇಚರ್ ಮುಳ್ಳೂ ಇಂಡಿಕೇಟರ್ ಜೊತೆಗೇ ಟಕ್ ಟಕ್ ಅಂತ ಕುಣಿಯುತ್ತಿವೆ. ಹೆಡ್‌ಲೈಟ್ ಹಾಕಿದರೆ ಎರಡೂ ಸ್ವಲ್ಪ ಜರುಗುತ್ತವೆ. ಎರಡು ಮೂರು ಮುಳ್ಳು ಒಟ್ಟಿಗೆ ಕುಣಿದರೆ ಹೆಚ್ಚಾಗಿ ಕೆಟ್ಟಿರುವುದು ಸೆನ್ಸರ್ ಅಲ್ಲ, ಅರ್ತ್. ಮೀಟರ್ ಪಟ್ಟಿಯ ಅರ್ತನ್ನು ಕ್ಯಾಬಿನ್ನಿನ ತುಕ್ಕು ಹಿಡಿದ ಒಂದು ಸ್ಕ್ರೂಗೆ ಕಟ್ಟಿದ್ದರು, ಲೈಟುಗಳ ಅರ್ತೂ ಅದಕ್ಕೇ. ಮಲ್ಟಿಮೀಟರನ್ನು ವೋಲ್ಟ್‌ನಲ್ಲಿಟ್ಟು, ಲೈಟ್ ಎಲ್ಲಾ ಹಾಕಿ, ಬ್ಯಾಟರಿ ಮೈನಸ್‌ಗೂ ಮೀಟರಿನ ಅರ್ತ್ ಪಿನ್ನಿಗೂ ಹಿಡಿದರೆ ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂತು. ಅದು 0.1 ವೋಲ್ಟ್ ಒಳಗಿರಬೇಕು. ಪಟ್ಟಿಗೆ ಬೇರೆಯೇ ಒಂದು ದಪ್ಪ ವೈರ್ ಎಳೆದು, ಥಿಂಬಲ್ ಹಾಕಿ, ಎಂಜಿನ್ ಬ್ಲಾಕಿನ ಬೋಲ್ಟಿಗೆ ಪೇಂಟ್ ಕೆರೆದು ಬಿಗಿದೆ. ಕುಣಿತ ನಿಂತಿತು.

ಸೆನ್ಸರ್‌ನ ಅರ್ತ್ ಅದರ ಥ್ರೆಡ್ಡಿನ ಮೂಲಕವೇ ಹೋಗುತ್ತದೆ, ಅದಕ್ಕೇ ಪ್ಲಂಬರ್ ಟೇಪ್ ಸುತ್ತಿ ಸುತ್ತಿ ಬಿಗಿಯಬೇಡಿ. ಥ್ರೆಡ್ ಕೂಡ ನೋಡಿಕೊಳ್ಳಿ. ಎಂಟನೇ ಒಂದು ಇಂಚಿನ ಥ್ರೆಡ್ಡಿನಲ್ಲಿ ಅಮೆರಿಕದ ನಮೂನೆಯ ಎನ್‌ಪಿಟಿಗೆ ಇಂಚಿಗೆ 27 ಎಳೆ, ಬ್ರಿಟಿಷ್ ನಮೂನೆಯ ಬಿಎಸ್‌ಪಿಗೆ 28. ಮೊದಲ ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾದರೆ ಸ್ಪ್ಯಾನರ್ ಒತ್ತಬೇಡಿ, ಬ್ಲಾಕಿನ ಥ್ರೆಡ್ ಹಾಳಾಗುತ್ತದೆ. ಆಯಿಲ್ ಸೆನ್ಸರ್‌ನ ಟರ್ಮಿನಲ್ ಸುತ್ತ ಎಣ್ಣೆ ಜಿನುಗಿದ್ದರೆ ಮೀಟರ್ ಎಷ್ಟೇ ಸರಿ ತೋರಿಸಿದರೂ ಅದನ್ನು ಅವತ್ತೇ ಬಿಸಾಕಿ, ಒಳಗಿನ ತೆಳು ತಗಡು ಹರಿದಿದೆ ಅಂತ.

ಡೀಸೆಲ್ ಮೀಟರ್‌ಗೆ ನಾನು ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಹೊರಗಿನ ಫ್ಲೋಟ್‌ನಲ್ಲಿ (ಟ್ಯಾಂಕಿನೊಳಗೆ ತೇಲುತ್ತಾ ಮಟ್ಟ ಹೇಳುವ ಸೆನ್ಸರ್) ಕಂಬಿಯ ಉದ್ದ ಟ್ಯಾಂಕಿನ ಆಳಕ್ಕೆ ಹೊಂದಿಸಬೇಕು, ಹೊಂದಿಸದೆ ಹಾಕಿದರೆ ಕೆಳಗಿನ ಕಾಲು ಭಾಗ ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ಹುಡುಗ ಟ್ಯಾಂಕಿಗೆ ಅಳತೆ ಕೋಲು ಇಳಿಸಿ ನೋಡಿ, ಮೀಟರಿನ ಗಾಜಿನ ಮೇಲೆ ನೈಲ್ ಪಾಲಿಶ್‌ನಲ್ಲಿ ತನ್ನದೇ ಗೆರೆ ಎಳೆದುಕೊಂಡಿದ್ದಾನೆ. ಅದೇ ಸಾಕು.

ಈಗ ನಾನು ಅಂಗಡಿಗೆ ಹೋಗುವಾಗ ಮಲ್ಟಿಮೀಟರ್ ಜೇಬಿನಲ್ಲಿರುತ್ತದೆ. "ಎಲೆಕ್ಟ್ರಿಕಲ್ ಐಟಂ ವಾಪಸ್ ಇಲ್ಲ" ಅಂತ ಬೋರ್ಡ್ ಇದ್ದೇ ಇರುತ್ತದೆ, ಹಾಗಾಗಿ ಕೌಂಟರ್ ಮೇಲೇ ನೋಡಿಬಿಡುವುದು. ಆಯಿಲ್ ಸೆನ್ಸರ್ ಪ್ರೆಶರ್ ಇಲ್ಲದಾಗ 10 ಓಮ್ ಹತ್ತಿರ ತೋರಿಸಬೇಕು. ಫ್ಲೋಟ್ ಕೈಯಲ್ಲಿ ನಿಧಾನಕ್ಕೆ ಎತ್ತಿದರೆ ಓಮ್ ಎಲ್ಲೂ ತಪ್ಪದೆ ಏರಬೇಕು. ಟೆಂಪರೇಚರ್‌ದು ಒಂದೇ ಅಲ್ಲಿ ಆಗಲ್ಲ, ಅದಕ್ಕೆ "ಕುದಿಸಿ ನೋಡ್ತೀನಿ, ಸರಿ ಇಲ್ಲಾಂದ್ರೆ ನಾಳೆ ತರ್ತೀನಿ" ಅಂತ ಬಿಲ್ ಮೇಲೆ ಬರೆಸಿಕೊಳ್ಳುತ್ತೇನೆ. ಆಯಿಲ್ ಸೆನ್ಸರನ್ನು ಪೂರ್ತಿ ನೋಡಬೇಕು ಅಂದರೆ ಟೈರ್ ಅಂಗಡಿಯ ಗಾಳಿ ಇದೆಯಲ್ಲ, ಅಡಾಪ್ಟರ್ ಹಾಕಿ ಅವರ ಪ್ರೆಶರ್ ಮೀಟರ್ ಪಕ್ಕದಲ್ಲಿಟ್ಟುಕೊಂಡು 60 ಪಿಎಸ್‌ಐವರೆಗೆ ಕೊಟ್ಟು ನೋಡಬಹುದು. ಅಷ್ಟು ಅಂದರೆ ನಾಲ್ಕು ಕೆಜಿಗಿಂತ ಸ್ವಲ್ಪ ಜಾಸ್ತಿ, 5 ಕೆಜಿ ಸೆನ್ಸರ್‌ಗೂ ತೊಂದರೆ ಇಲ್ಲ.

ಬ್ರೇಕಿನ ಗಾಳಿ ಮೀಟರ್ ಮಾತ್ರ ಹಳೆಯದೇ ಇದೆ, ಟ್ಯೂಬಿನಲ್ಲಿ ನೇರ ಗಾಳಿ ಬರುವಂಥದ್ದು. ಅದಕ್ಕೂ ಸೆನ್ಸರ್ ಹಾಕಿ ಪಟ್ಟಿಗೆ ಸೇರಿಸೋಣ ಅಂದ ಎಲೆಕ್ಟ್ರಿಷಿಯನ್. ಬೇಡ ಮಾರಾಯ, ಅದು ಅಲ್ಲೇ ಇರಲಿ ಅಂದೆ.