ಕಕ್ಕಡದ ಮಳೆಯಲ್ಲಿ ಹಳೆಯ ಡಿಜಿಟಲ್ ಮುದ್ರಣ ಯಂತ್ರದ ಆರೈಕೆ ಮತ್ತು ದುರಸ್ತಿ

ಮದುವೆಯ ಕರೆಯೋಲೆ, ಹೋಂಸ್ಟೇ ಬ್ರೋಷರ್, ಜೇನು ಮತ್ತು ಕಾಫಿಪುಡಿಯ ಲೇಬಲ್‌ಗಳನ್ನು ಮುದ್ರಿಸುವ ಟೋನರ್ ಯಂತ್ರ ಹಳೆಯದಾದಷ್ಟೂ ಕೊಡಗಿನ ಮಳೆಗೆ, ಅದರಲ್ಲೂ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳ ಮಳೆಗೆ, ಬೇಗ ಸೋಲುತ್ತದೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುದ್ರಣ ಮಾಸಲಾದರೆ ಮೊದಲು ಕಾಗದವನ್ನು ಶಂಕಿಸಬೇಕು, ಆಮೇಲೆ ಯಂತ್ರವನ್ನು.

ಟೋನರ್ ಪುಡಿ ಕಾಗದಕ್ಕೆ ಅಂಟುವುದು ವಿದ್ಯುದಾವೇಶದ ಸೆಳೆತದಿಂದ. ತೇವ ಹೀರಿದ ಹಾಳೆಯಲ್ಲಿ ಆ ಆವೇಶ ಸೋರಿಹೋಗುವುದರಿಂದ ಗಾಢ ಬಣ್ಣದ ಜಾಗಗಳು ಕಲೆಕಲೆಯಾಗಿ ಮೂಡುತ್ತವೆ. ಅದೇ ತೇವ, ಪುಡಿಯನ್ನು ಕಾಯಿಸಿ ಕಾಗದಕ್ಕೆ ಅಂಟಿಸುವ ಭಾಗವಾದ ಫ್ಯೂಸರ್‌ನ ಶಾಖಕ್ಕೆ ಆವಿಯಾಗುವಾಗ ಹಾಳೆ ಸುರುಳಿಯಾಗುತ್ತದೆ. ಒಂದು ಕಕ್ಕಡದಲ್ಲಿ ಹಾಕಿ ಪಂದ್ಯಾವಳಿಯ ಪೋಸ್ಟರಿನ ಹಸಿರು ಹೀಗೆ ಕೆಟ್ಟಾಗ ನಾನು ಹೊಸ ಡ್ರಮ್ (ಪುಡಿಯಲ್ಲಿ ಚಿತ್ರ ಮೂಡುವ ಸಿಲಿಂಡರ್) ತರಿಸಿ ಹಾಕಿದೆ, ಕಲೆ ಹಾಗೆಯೇ ಉಳಿಯಿತು. ಮುಚ್ಚಿದ್ದ ಹೊಸ ಕಾಗದದ ರೀಮ್ ಒಡೆದು ಹಾಕಿದೊಡನೆ ಹಸಿರು ಸಮನಾಗಿ ಬಂತು. ಅಂದಿನಿಂದ ಇದೇ ನನ್ನ ಮೊದಲ ಪರೀಕ್ಷೆ. ಕಾಗದದ ಕೋಣೆಯ ಸಾಪೇಕ್ಷ ಆರ್ದ್ರತೆ ಶೇಕಡಾ 45ರಿಂದ 55ರ ನಡುವೆ ಇರುವಂತೆ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಓಡಿಸಿ, ಉಳಿದ ಹಾಳೆಗಳನ್ನು ಸಂಜೆ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿಡಿ. ಟ್ರೇಯ ಕೆಳಗೆ ತೇವ ಒಣಗಿಸುವ ಹೀಟರ್ ಇದ್ದರೆ ಮಳೆಗಾಲದಲ್ಲಿ ರಾತ್ರಿಯೂ ಅದರ ಸ್ವಿಚ್ ಹಾಕಿರಲಿ.

ಕಾಗದ ಸರಿಯಿದ್ದೂ ದೋಷ ಉಳಿದರೆ ಹಾಳೆಯನ್ನೇ ಓದಬೇಕು. ಒಂದೇ ಚುಕ್ಕೆ ಮತ್ತೆ ಮತ್ತೆ ಬರುತ್ತಿದ್ದರೆ ಎರಡು ಚುಕ್ಕೆಗಳ ನಡುವಿನ ದೂರವನ್ನು ಸ್ಕೇಲಿನಿಂದ ಅಳೆದು 3.14ರಿಂದ ಭಾಗಿಸಿ. ಆ ದೂರ ಸಿಲಿಂಡರಿನ ಒಂದು ಸುತ್ತಳತೆ. ಅದು 94 ಮಿ.ಮೀ. ಇದ್ದರೆ ದೋಷ ಸುಮಾರು 30 ಮಿ.ಮೀ. ವ್ಯಾಸದ ಸಿಲಿಂಡರಿನಲ್ಲಿದೆ ಎಂದರ್ಥ, ಅಷ್ಟು ಗಾತ್ರದ್ದು ಯಾವುದೆಂದು ಹುಡುಕಿದರೆ ಸಾಕು. ಡ್ರಮ್ಮಿಗೆ ಟೋನರ್ ಒದಗಿಸುವ ಡೆವಲಪರ್ ರೋಲರ್ ಮಾತ್ರ ಡ್ರಮ್ಮಿಗಿಂತ ವೇಗವಾಗಿ ತಿರುಗುವುದರಿಂದ ಅದರ ಗುರುತುಗಳು ಲೆಕ್ಕಕ್ಕಿಂತ ಹತ್ತಿರದಲ್ಲಿ ಬೀಳುತ್ತವೆ. ಹಾಳೆ ಓಡುವ ದಿಕ್ಕಿನಲ್ಲಿ ಉದ್ದಕ್ಕೂ ಗೆರೆ ಬಿದ್ದರೆ ವಿದ್ಯುದಾವೇಶ ನೀಡುವ ಕೊರೋನಾ ತಂತಿಯ ಕೊಳೆ, ಡ್ರಮ್ಮಿನ ಮೇಲೆ ಉಳಿದ ಪುಡಿ ಒರೆಸುವ ಕ್ಲೀನಿಂಗ್ ಬ್ಲೇಡಿನ ಸವೆತ ಅಥವಾ ಡ್ರಮ್ಮಿನ ಗೀರು ಕಾರಣವಾಗಿರಬಹುದು. ಬೆರಳಿನಿಂದ ಉಜ್ಜಿದಾಗ ಅಕ್ಷರ ಪುಡಿಯಾಗಿ ಎದ್ದರೆ ಫ್ಯೂಸರ್ ಸಾಕಷ್ಟು ಕಾಯುತ್ತಿಲ್ಲ, ಇಲ್ಲವೇ ದಪ್ಪ ಕಾಗದಕ್ಕೆ ತೆಳು ಕಾಗದದ ಸೆಟ್ಟಿಂಗ್ ಇದೆ.

ಬಿಚ್ಚುವ ಮೊದಲು ಪ್ಲಗ್ ತೆಗೆದು ಒಂದು ಗಂಟೆ ಕಾಯಿರಿ, ಏಕೆಂದರೆ ಫ್ಯೂಸರ್ ಸುಮಾರು 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲಸ ಮಾಡುತ್ತಿರುತ್ತದೆ. ಡ್ರಮ್ ಹೊರಬಂದ ಕೂಡಲೇ ಕಪ್ಪು ಬಟ್ಟೆಯಲ್ಲಿ ಸುತ್ತಿಡಿ. ಬೆಳಕು, ಬೆರಳಿನ ಜಿಡ್ಡು, ಸ್ಪಿರಿಟ್ ಮೂರೂ ಅದನ್ನು ಕೆಡಿಸುತ್ತವೆ. ಚೆಲ್ಲಿದ ಟೋನರನ್ನು ಮನೆಯ ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಯಬಾರದು, ಆ ನುಣ್ಣನೆಯ ಪುಡಿ ಅದರ ಫಿಲ್ಟರ್ ದಾಟಿ ಕೋಣೆಯ ಗಾಳಿಗೆ ಸೇರುತ್ತದೆ. ಕೈಯನ್ನು ತಣ್ಣೀರಿನಲ್ಲೇ ತೊಳೆಯಿರಿ. ಹಾಳೆ ಎತ್ತುವ ರಬ್ಬರ್ ರೋಲರ್ ನಯವಾಗಿ ಹೊಳೆಯುತ್ತಿದ್ದರೆ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಹೊಳಪು ಹೋಗದಿದ್ದರೆ ಬದಲಿಸಿ.

ವಿದ್ಯುತ್ತಿನ ವಿಷಯದಲ್ಲಿ ಉಳಿತಾಯ ಸಲ್ಲದು: ಸರಿಯಾದ ಅರ್ಥಿಂಗ್, ವೋಲ್ಟೇಜನ್ನು ಸ್ಥಿರವಾಗಿಡುವ ಸರ್ವೋ ಸ್ಟೆಬಿಲೈಸರ್ ಎರಡೂ ಬೇಕು, ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಪ್ಲಗ್ಗನ್ನೇ ಕಿತ್ತಿಡಬೇಕು. ಮಡಿಕೇರಿ 1,100 ಮೀಟರಿಗೂ ಎತ್ತರದಲ್ಲಿದೆ. ತೆಳುವಾದ ಗಾಳಿಯಲ್ಲಿ ಹೈ ವೋಲ್ಟೇಜ್ ಬೇಗ ಕಿಡಿಯಾಗಿ ಸಿಡಿಯುವುದರಿಂದ ಕೆಲವು ಯಂತ್ರಗಳ ಸರ್ವಿಸ್ ಮೆನುವಿನಲ್ಲಿ ಎತ್ತರಕ್ಕೆ ತಕ್ಕ ಸೆಟ್ಟಿಂಗ್ ಇರುತ್ತದೆ, ಬಯಲುಸೀಮೆಯಿಂದ ತಂದ ಯಂತ್ರದಲ್ಲಿ ಅದನ್ನು ತಪ್ಪದೆ ನೋಡಿ.

ಯಾವ ಭಾಗವನ್ನು ಮುದ್ರಿಸಿದ ಹಾಳೆ ಎಣಿಸುವ ಕೌಂಟರ್ ಎಷ್ಟಿದ್ದಾಗ ಬದಲಿಸಿದಿರಿ ಎಂಬುದನ್ನು ಯಂತ್ರದ ಪಕ್ಕದಲ್ಲೇ ಒಂದು ಪುಸ್ತಕದಲ್ಲಿ ಬರೆದಿಡಿ. ಅದೇ ಮಾದರಿಯ ಕೆಟ್ಟ ಯಂತ್ರ ಅಗ್ಗಕ್ಕೆ ಸಿಕ್ಕಿದರೆ ಬಿಡಬೇಡಿ. ಗೇರ್, ಸೆನ್ಸರ್, ಬೋರ್ಡುಗಳು ಅದರಿಂದಲೇ ಒದಗುತ್ತವೆ. ದುರಸ್ತಿ ಮುಗಿದ ಮೇಲೆ ಇಪ್ಪತ್ತು ಮೂವತ್ತು ಹಾಳೆ ಓಡಿಸಿ ಯಂತ್ರ ಕಾದ ನಂತರವೇ ಬಣ್ಣದ ಕ್ಯಾಲಿಬ್ರೇಷನ್ (ಬಣ್ಣಗಳನ್ನು ಸರಿಹೊಂದಿಸುವುದು) ಮಾಡಿ, ಮಳೆ ನಿಂತು ಗಾಳಿ ಒಣಗಿದಾಗ ಅದನ್ನು ಇನ್ನೊಮ್ಮೆ ಮಾಡಿ.