ವಾರಕ್ಕೊಂದು ಡೇಟಾ ಒಗಟು: ಚಾರ್ಟ್ ಆಮೇಲೆ, ಮೊದಲು ದಿನಾಂಕ ನೋಡಿ

ಡೇಟಾ ಅನಾಲಿಸಿಸ್ ಕಲಿಯಲು ಹೊರಟವರು ಕೋರ್ಸಿಗೆ ಸೇರುತ್ತಾರೆ, ವಿಡಿಯೊ ನೋಡುತ್ತಾರೆ, ಸರ್ಟಿಫಿಕೇಟೂ ತೆಗೆದುಕೊಳ್ಳುತ್ತಾರೆ. ಆಮೇಲೆ ತಮ್ಮದೇ ಬ್ಯಾಂಕ್ ಸ್ಟೇಟ್‌ಮೆಂಟ್ ಎದುರಿಗೆ ಬಂದರೆ ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ ಕೂರುತ್ತಾರೆ. ಕಾರಣ ಇಷ್ಟೇ. ಕೋರ್ಸಿನ ಫೈಲನ್ನು ಯಾರೋ ಮೊದಲೇ ತೊಳೆದು ಒರೆಸಿ ಇಟ್ಟಿರುತ್ತಾರೆ. ನಿಜವಾದ ಫೈಲ್ ಹಾಗಿರುವುದಿಲ್ಲ, ಅಲ್ವಾ? ಅಂಥ ಫೈಲ್ ಜೊತೆ ವಾರಕ್ಕೊಮ್ಮೆ ಒಂದು ಗಂಟೆ ಗುದ್ದಾಡಿ. ಕೈ ಪಳಗುತ್ತದೆ.

ಹೆಜ್ಜೆ 1: ಫೈಲ್ ಆರಿಸಿ. ಫೋನ್ ಎಣಿಸಿಟ್ಟ ನಡಿಗೆಯ ಲೆಕ್ಕ, ಸ್ಕ್ರೀನ್ ಟೈಮ್, ವಿದ್ಯುತ್ ಬಿಲ್ಲಿನ ಯೂನಿಟ್, ಮಳೆಯ ಲೆಕ್ಕ, ಯಾವುದಾದರೂ ಸರಿ. ಕೋರ್ಸುಗಳಲ್ಲಿ ಎಲ್ಲರೂ ಬಳಸುವ ಟೈಟಾನಿಕ್ ಪ್ರಯಾಣಿಕರ ಪಟ್ಟಿ ಮಾತ್ರ ಬೇಡ. 891 ಸಾಲಿನ ಆ ಫೈಲಿಗೆ ಉತ್ತರ ಎಲ್ಲ ಕಡೆ ಬಿದ್ದಿದೆ, ಬಿಡಿಸಲು ಏನೂ ಉಳಿದಿಲ್ಲ. ನಿಮ್ಮ ಹತ್ತಿರ ಫೈಲ್ ಇಲ್ಲವೆಂದರೆ 'ಟೈಡಿ ಟ್ಯೂಸ್‌ಡೇ' ಎಂಬ ಆನ್‌ಲೈನ್ ಯೋಜನೆ ನೋಡಿ. 2018ರಿಂದ ಅಲ್ಲಿ ವಾರಕ್ಕೊಂದು ಹೊಸ ಡೇಟಾ ಪುಕ್ಕಟೆ ಸಿಗುತ್ತದೆ. ದುಡ್ಡು ಕೊಟ್ಟು ಬ್ಯಾಡ್ಜ್ ಗಳಿಸುವ ಆ್ಯಪ್‌ಗಳ ಸಹವಾಸ ಬೇಡ. ಅವುಗಳಲ್ಲಿ ಹೆಚ್ಚಿನವು 'ಅತಿ ದೊಡ್ಡ ಸಂಖ್ಯೆ ಯಾವುದು' ಎಂಬಲ್ಲಿಗೇ ನಿಲ್ಲುತ್ತವೆ.

ಹೆಜ್ಜೆ 2: ಒಂದೇ ಪ್ರಶ್ನೆ ಬರೆಯಿರಿ, ಜೊತೆಗೆ ಊಹೆ. 'ನಾನು ಯಾವಾಗ ಜಾಸ್ತಿ ನಡೆಯುತ್ತೇನೆ' ಎಂದರೆ ಸಾಲದು. 'ಉಳಿದ ದಿನಗಳಿಗೆ ಹೋಲಿಸಿದರೆ ಶನಿವಾರ, ಭಾನುವಾರ ಎಷ್ಟು ಕಡಿಮೆ ನಡೆಯುತ್ತೇನೆ' ಎಂದು ಕೇಳಿ. ಫೈಲ್ ತೆರೆಯುವ ಮೊದಲೇ ಊಹೆಯನ್ನು ಸಂಖ್ಯೆಯಲ್ಲಿ ಬರೆದಿಡಿ. ಇಲ್ಲದಿದ್ದರೆ ಉತ್ತರ ಏನೇ ಬಂದರೂ 'ನನಗೆ ಮೊದಲೇ ಗೊತ್ತಿತ್ತು' ಅನ್ನಿಸುತ್ತದೆ.

ಹೆಜ್ಜೆ 3: ಫೈಲ್ ಸ್ವಚ್ಛ ಮಾಡಿ. ಎಲ್ಲರೂ ಜಾರುವುದು ಇಲ್ಲೇ. ಗಂಟೆಯಲ್ಲಿ ಮುಕ್ಕಾಲು ಪಾಲು ಇದಕ್ಕೇ ಹೋದರೂ ಬೇಜಾರಿಲ್ಲ.

ಮೊದಲು ಒಂದು ಸಾಲು ಅಂದರೆ ಏನು ಎಂದು ನೋಡಿ. ಒಂದು ದಿನವೋ, ಒಂದು ಗಂಟೆಯೋ, ಒಂದು ಸಲದ ನಡಿಗೆಯೋ? ದಿನಕ್ಕೆ ಹಲವು ಸಾಲುಗಳಿದ್ದರೆ ಮೊದಲು ದಿನದ ಮೊತ್ತ ಮಾಡಿಕೊಳ್ಳಿ. ಸೀದಾ ಸರಾಸರಿ ತೆಗೆದರೆ ಸಿಗುವುದು ಒಂದು ಸಲದ ನಡಿಗೆಯ ಸರಾಸರಿ. ಅದು ದಿನದ ಲೆಕ್ಕ ಅಲ್ಲ.

ಆಮೇಲೆ ದಿನಾಂಕ. 03/04/2024 ಎಂಬುದು ಏಪ್ರಿಲ್ 3 ಇರಬಹುದು, ಮಾರ್ಚ್ 4 ಕೂಡ ಇರಬಹುದು. ನಿಮ್ಮ ಫೈಲಿನಲ್ಲಿ ದಿನ ಮೊದಲು ಇದ್ದು, ಶೀಟಿನ (ಎಕ್ಸೆಲ್ ಥರದ ಸ್ಪ್ರೆಡ್‌ಶೀಟ್) ಸೆಟ್ಟಿಂಗ್ ಅಮೆರಿಕದ ಪದ್ಧತಿಯಲ್ಲಿದೆ ಅಂದುಕೊಳ್ಳಿ. ಅದು ಮೊದಲ ಸಂಖ್ಯೆಯನ್ನು ತಿಂಗಳು ಎಂದೇ ಓದುತ್ತದೆ. ಪ್ರತಿ ತಿಂಗಳ 1ರಿಂದ 12ರವರೆಗಿನ ದಿನಾಂಕಗಳು ಸದ್ದಿಲ್ಲದೆ ಅದಲು ಬದಲಾಗುತ್ತವೆ. 12ರ ನಂತರದವು ದಿನಾಂಕವೇ ಆಗದೆ ಬರೀ ಅಕ್ಷರವಾಗಿ ಉಳಿಯುತ್ತವೆ, ಏಕೆಂದರೆ ಹದಿಮೂರನೇ ತಿಂಗಳು ಇಲ್ಲವಲ್ಲ. ಕಂಡುಹಿಡಿಯುವುದು ಸುಲಭ. ಕಾಲಂ ಅಗಲ ಮಾಡಿ ನೋಡಿ: ಕೆಲವು ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿರುತ್ತವೆ. ಎಡಕ್ಕೆ ಅಂಟಿದ್ದು ಅಕ್ಷರ. ಆದರೆ ಎಡದವನ್ನು ಮಾತ್ರ ತಿದ್ದಿ ಸುಮ್ಮನಾಗಬೇಡಿ, ಬಲಕ್ಕಿರುವವೇ ನಿಜವಾಗಿ ತಪ್ಪು! ಇಡೀ ಫೈಲನ್ನು ಮತ್ತೆ ಇಂಪೋರ್ಟ್ ಮಾಡಿ. ದಿನಾಂಕದ ಕಾಲಂ ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿದೆ ಎಂದು ಅಲ್ಲೇ ತಿಳಿಸಿ. ನೀವೇ ಟೈಪ್ ಮಾಡುವ ಫೈಲಾದರೆ 2024-04-03 ಎಂದೇ ಬರೆಯಿರಿ. ಬೇರೆ ಯಾವ ರೀತಿಯೂ ಬೇಡ.

ಮೂರನೆಯದು ಸೊನ್ನೆ. ಮೂವತ್ತು ದಿನದ ಒಟ್ಟು ನಡಿಗೆ 1,50,000 ಹೆಜ್ಜೆ ಎಂದಿಟ್ಟುಕೊಳ್ಳಿ. ಸರಾಸರಿ 5,000. ಅದರಲ್ಲಿ ಐದು ದಿನ ಸೊನ್ನೆ ಇದೆ. ಯಾರಾದರೂ ದಿನವಿಡೀ ಒಂದು ಹೆಜ್ಜೆಯೂ ಇಡದೆ ಇರುವುದು ಅಪರೂಪ. ಬಹುಶಃ ಫೋನ್ ಮೇಜಿನ ಮೇಲೆ ಇತ್ತು. ಆ ಐದು ದಿನ ಬಿಟ್ಟರೆ ಸರಾಸರಿ 6,000. ಮಳೆಯ ಫೈಲಿನಲ್ಲಾದರೆ ಸೊನ್ನೆ ನಿಜವಾದ ಸೊನ್ನೆಯೇ, ಅದನ್ನು ತೆಗೆದರೆ ತಪ್ಪು. ಅಲ್ಲಿ ಅನುಮಾನ ಪಡಬೇಕಾದ್ದು ಏನನ್ನೂ ಬರೆಯದೆ ಖಾಲಿ ಬಿಟ್ಟ ಸೆಲ್ಲನ್ನು (ಶೀಟಿನ ಚೌಕ). ಸೊನ್ನೆಯನ್ನು ಇಟ್ಟಿರೋ ಬಿಟ್ಟಿರೋ, ಶೀಟಿನ ಪಕ್ಕದಲ್ಲಿ ಕಾರಣ ಸಮೇತ ಬರೆದಿಡಿ. ಮೂಲ ಫೈಲ್ ಮುಟ್ಟಬೇಡಿ, ತಿದ್ದುವುದೆಲ್ಲ ನಕಲಿನಲ್ಲಿ.

ಇಷ್ಟೆಲ್ಲ ಯಾಕೆ, ಚಾಟ್‌ಬಾಟ್‌ಗೆ ಕೊಟ್ಟರೆ ಕ್ಷಣದಲ್ಲಿ ಮಾಡಿಕೊಡುತ್ತಲ್ಲ ಎನ್ನುವವರಿದ್ದಾರೆ. ಮಾಡಿಕೊಡುತ್ತದೆ, ನಿಜ. ಆದರೆ ಆ ಐದು ಸೊನ್ನೆಯ ದಿನ ಫೋನ್ ಎಲ್ಲಿತ್ತು ಎಂಬುದು ನಿಮಗೆ ಗೊತ್ತು, ಅದಕ್ಕೆ ಗೊತ್ತಿಲ್ಲ. ನಿಮ್ಮ ಉತ್ತರ ಬಂದ ಮೇಲೆ ತಾಳೆ ನೋಡಲು ಬಳಸಿ.

ಹೆಜ್ಜೆ 4: ಲೆಕ್ಕ ಹಾಕಿ. ಸರಾಸರಿಗೆ ಪಿವಟ್ ಟೇಬಲ್ (ಸಾಲುಗಳನ್ನು ಗುಂಪು ಮಾಡಿ ಮೊತ್ತ, ಸರಾಸರಿ ತೆಗೆದುಕೊಡುವ ಶೀಟಿನ ಸೌಲಭ್ಯ) ಸಾಕು. ಅದರ ಜೊತೆ MEDIAN ಸೂತ್ರದಿಂದ ಮೀಡಿಯನ್ (ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ನಟ್ಟನಡುವೆ ಬರುವ ಸಂಖ್ಯೆ) ಕೂಡ ತೆಗೆಯಿರಿ. ಎರಡೂ ತುಂಬ ದೂರ ಇದ್ದರೆ ಯಾವುದೋ ಒಂದೆರಡು ದಿನ ಲೆಕ್ಕವನ್ನು ಎಳೆದಾಡುತ್ತಿರಬಹುದು. ಆ ದಿನಗಳನ್ನು ಹುಡುಕಿ.

ಹೆಜ್ಜೆ 5: ಈಗ ಚಾರ್ಟ್. ಕೊನೆಗೆ ಬಂತು ಎಂದು ಬಿಟ್ಟುಬಿಡಬೇಡಿ. ಫ್ರಾನ್ಸಿಸ್ ಆನ್ಸ್‌ಕಂಬ್ ಎಂಬ ಸಂಖ್ಯಾಶಾಸ್ತ್ರಜ್ಞ 1973ರಲ್ಲಿ ನಾಲ್ಕು ಪುಟ್ಟ ಪಟ್ಟಿಗಳನ್ನು ಪ್ರಕಟಿಸಿದರು. ಪ್ರತಿಯೊಂದರಲ್ಲೂ 11 ಜೋಡಿ ಸಂಖ್ಯೆಗಳು. ನಾಲ್ಕರ ಸರಾಸರಿಗಳೂ ಒಂದೇ, ಜೋಡಿಗಳ ನಡುವಿನ ಸಂಬಂಧ ಹೇಳುವ ಸಂಖ್ಯೆಯೂ ಸುಮಾರು 0.816 ಎಂದು ಒಂದೇ. ಚಿತ್ರ ಬಿಡಿಸಿದರೆ ಒಂದಕ್ಕೊಂದು ಹೋಲಿಕೆಯೇ ಇಲ್ಲ. ಒಂದರಲ್ಲಿ ಚುಕ್ಕಿಗಳು ಬಾಗಿದ ಗೆರೆಯಾಗಿವೆ, ಇನ್ನೊಂದರಲ್ಲಿ ಒಂದೇ ಚುಕ್ಕಿಯನ್ನು ಬಿಟ್ಟು ಉಳಿದವೆಲ್ಲ ಒಂದರ ಮೇಲೊಂದು ನೆಟ್ಟಗೆ ನಿಂತಿವೆ. ಆ ನಾಲ್ಕನ್ನು ನೀವೇ ಒಮ್ಮೆ ಶೀಟಿಗೆ ಹಾಕಿ ನೋಡಿ, ಒಂದು ವಾರದ ಒಗಟಿಗೆ ಸಾಕು. ಚಾರ್ಟ್ ಅಂದರೆ ಗೆರೆ, ಕಂಬ ಅಥವಾ ಚುಕ್ಕಿ. ಮೂರು ಆಯಾಮದ ಪೈ ಚಾರ್ಟ್ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮುಂದೆ ಚಾಚಿದ ತುಂಡು ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಹೆಜ್ಜೆ 6: ಉತ್ತರ ಬರೆಯಿರಿ. ಎರಡೇ ವಾಕ್ಯ. ಒಂದರಲ್ಲಿ ಉತ್ತರ, ಇನ್ನೊಂದರಲ್ಲಿ ನಿಮ್ಮ ಊಹೆ ಎಷ್ಟು ತಪ್ಪಿತ್ತು ಎಂಬುದು. ತಿಂಗಳಲ್ಲಿ ಬರುವ ನಾಲ್ಕು ಭಾನುವಾರಗಳಲ್ಲಿ ಮೂರು ಸೊನ್ನೆಯಾಗಿದ್ದರೆ, ಉಳಿದ ಒಂದು ಭಾನುವಾರದ ಮೇಲೆ ತೀರ್ಪು ಕೊಡಲು ಹೋಗಬೇಡಿ. 'ಈ ಫೈಲಿನಿಂದ ಹೇಳಲಾಗದು' ಎಂದು ಬರೆದು, ಅದೇ ಪ್ರಶ್ನೆಯನ್ನು ಮೂರು ತಿಂಗಳ ಡೇಟಾ ಸೇರಿದ ಮೇಲೆ ಮತ್ತೆ ಎತ್ತಿಕೊಳ್ಳಿ.